ಅರ್ಧ ಸೆಕೆಂಡಿನ ಗಂಜಿ

ನೀರನ್ನು ಚಮಚದಲ್ಲಿ ತಿನ್ನುವುದು ಹೇಗೆಂದು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ಪುಣ್ಯ. ನಾನು ಹದಿನಾಲ್ಕು ತಿಂಗಳು ತಿಂದಿದ್ದೇನೆ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ಪುಡಿ ಹಾಕಿ, ಕಲಸಿ, ಐದು ನಿಮಿಷ ಬಿಟ್ಟರೆ ಅದು ಗೋಡೆಗೆ ಜಾಹೀರಾತು ಅಂಟಿಸುವ ಅಂಟಿನ ಹಾಗೆ ಆಗುತ್ತದೆ. ಅದನ್ನೇ ನೀರು ಎಂದುಕೊಂಡು ತಿನ್ನಬೇಕು. ಹೊಟ್ಟೆ ತುಂಬುತ್ತದೆ, ಬಾಯಾರಿಕೆ ಮಾತ್ರ ಹಾಗೇ ಇರುತ್ತದೆ.

ಆದದ್ದು ಇಷ್ಟೇ. ಮಿದುಳಿನ ಹಿಂಭಾಗದಲ್ಲಿ, ಕತ್ತಿನ ಹತ್ತಿರ, ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಕೈಕಾಲು ಉಳಿದವು, ಮಾತು ಉಳಿಯಿತು, ನಾಲಿಗೆಯ ಖಾರವೂ ಉಳಿಯಿತು ಎಂದು ನಮ್ಮವರು ಹೇಳುತ್ತಾರೆ. ಹೋದದ್ದು ನುಂಗುವ ತಾಳ. ಶ್ವಾಸನಾಳದ ಮೇಲೆ ಒಂದು ಮುಚ್ಚಳವಿದೆ. ಏನನ್ನಾದರೂ ನುಂಗುವಾಗ ಅದು ತಾನಾಗಿಯೇ ಮುಚ್ಚಿಕೊಳ್ಳಬೇಕು. ನನ್ನದು ಅರ್ಧ ಸೆಕೆಂಡು ತಡ. ಮೆತ್ತಗೆ ಕಲಸಿದ ಅನ್ನದ ತುತ್ತು ನಿಧಾನವಾಗಿ ಜಾರುವುದರಿಂದ ಮುಚ್ಚಳಕ್ಕಾಗಿ ಕಾಯುತ್ತದೆ. ನೀರಿಗೆ ಆ ಸಹನೆ ಇಲ್ಲ. ಅದು ತೆರೆದ ಬಾಗಿಲಲ್ಲೇ ನುಗ್ಗಿ ಶ್ವಾಸಕೋಶಕ್ಕೆ ಇಳಿದು ಜ್ವರ ತರುತ್ತದೆ. ಎರಡು ಸಲ ತಂದಿತ್ತು. ಮೂರನೆಯದಕ್ಕೆ ಜೀವಕ್ಕೆ ಹೊಣೆ ನಾವಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವಳು ನಾನು, ನೀಲಾಂಬಿಕಾ. ಘನ, ದ್ರವ, ಅನಿಲ ಎಂಬ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲೆ. ದ್ರವಕ್ಕೆ ಸ್ವಂತ ಆಕಾರವಿಲ್ಲ, ಅದು ಪಾತ್ರೆಯ ಆಕಾರ ತಾಳುತ್ತದೆ ಎಂದು ಎಷ್ಟು ಸಾವಿರ ಸಲ ಹೇಳಿದೆನೋ. ನಾನೇ ಆ ಪಾತ್ರೆಯಾದಾಗ ಏನಾಗುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ. ದೀರ್ಘ ರಜೆ ಹಾಕಿ ಮನೆಯಲ್ಲಿ ಕುಳಿತೆ.

ನಮ್ಮವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಸರು ರಾಚಪ್ಪ. ಬಾಯಲ್ಲಿ ಹೇಳುವ ರೂಢಿ ಇಲ್ಲದಿದ್ದರೂ ಬರೆಯುವುದಕ್ಕೆ ಅಡ್ಡಿಯಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಕಪ್ಪು, ಅದರ ಕೆಳಗಿಡುವ ಒಂದು ಬಶಿ. ಅವರು ಶಿಫ್ಟ್ ಮುಗಿಸಿ ನಾಲ್ಕೂವರೆಗೆ ಬಂದರೆ ಒಂದೇ ಕಪ್ಪು ಚಹಾ ಆಗುತ್ತಿತ್ತು. ಅರ್ಧ ಬಶಿಗೆ ಸುರಿದುಕೊಂಡು ನಾನು, ಉಳಿದದ್ದನ್ನು ಕಪ್ಪಿನಲ್ಲಿ ಅವರು. ಆಮೇಲೆ ಕಪ್ಪುಗಳು ಡಜನ್ನುಗಟ್ಟಲೆ ಬಂದರೂ ಪದ್ಧತಿ ಬದಲಾಗಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ದಿನ ಅವರು ಚಹಾ ಬಿಟ್ಟರು. ಯಾಕೆಂದು ಕೇಳಿದರೆ, "ಆಸಿಡಿಟಿ ಆಗೇತಿ" ಎಂದರು. ಕಲ್ಲು ತಿಂದು ಕರಗಿಸುವ ಮನುಷ್ಯ! ಹೊರಗೆಲ್ಲಾದರೂ ಕುಡಿದು ಬರುತ್ತಾರೇನೋ ಎಂದು ಕೆಲವು ದಿನ ಹತ್ತಿರ ಹೋಗಿ ಮೂಸಿ ನೋಡಿದೆ. ಇಲ್ಲ. ಬರೀ ಗ್ರೀಸಿನ ವಾಸನೆ. ಅವತ್ತು ನನಗೆ ಬಂದ ಸಿಟ್ಟು ಅವರ ಮೇಲೋ ನನ್ನ ಗಂಟಲಿನ ಮೇಲೋ ತಿಳಿಯಲಿಲ್ಲ.

ಊರ ಹೊರಗಿನ ಸಂಶೋಧನಾ ಕೇಂದ್ರದಲ್ಲಿ ಇಂಥ ಗಂಟಲಿನವರಿಗಾಗಿ ಒಂದು ಪ್ರಯೋಗ ನಡೆದಿದೆ ಎಂದು ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ ನಾವು ಹೋದೆವು. ಅಲ್ಲಿ ಸಿಕ್ಕವಳು ಡಾ. ದೇಚಮ್ಮ. ಕೊಡಗಿನ ಹುಡುಗಿ. ಮೂವತ್ತೆರಡರ ಮೇಲಿಲ್ಲ. ಧಾರವಾಡಕ್ಕೆ ಬಂದು ಎರಡು ವರ್ಷವಾಗಿದ್ದರೂ ಪ್ರಯೋಗಾಲಯ ಮತ್ತು ಹಾಸ್ಟೆಲ್ ಬಿಟ್ಟು ಊರನ್ನೇ ನೋಡಿರಲಿಲ್ಲ.

"ನೀರು ಬಾಯಲ್ಲಿ ನೀರಾಗೇ ಇರುತ್ತೆ ಮೇಡಂ, ಹೊಟ್ಟೆಯಲ್ಲೂ ನೀರೇ. ನಡುವೆ ನಿಮ್ಮ ಗಂಟಲು ದಾಟೋ ಅರ್ಧ ಸೆಕೆಂಡು ಮಾತ್ರ ಗಂಜಿ ಆಗುತ್ತೆ" ಎಂದಳು.

ಅವಳ ಉಪಾಯದಲ್ಲಿ ಎರಡು ಭಾಗ. ಒಂದು, ನೀರಿಗೆ ಬೆರೆಸುವ ಕಣಗಳು. ಚಿಟಿಕೆಯಷ್ಟು ಹಾಕಿದರೆ ಕಣ್ಣಿಗೂ ಕಾಣವು, ನಾಲಿಗೆಗೂ ತಿಳಿಯವು. ಇನ್ನೊಂದು, ಕೊರಳಿಗೆ ಕಟ್ಟುವ ಬೆರಳಗಲದ ಪಟ್ಟಿ. ನುಂಗಲು ಗಂಟಲು ಮೇಲೆದ್ದ ಕೂಡಲೇ ಪಟ್ಟಿ ಕಿವಿಗೆ ಕೇಳಿಸದ ಕಂಪನವನ್ನು ಒಳಗೆ ಕಳಿಸುತ್ತದೆ. ಎಂಟನೇ ತರಗತಿಗೆ ಪಾಠ ಮಾಡುವಾಗ ನಾನು ಹುಡುಗಿಯರನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದೆ. ಕೈಕೈ ಹಿಡಿದು ಅಲುಗಾಡದೆ ನಿಂತರೆ ಘನ. ಕೈಬಿಟ್ಟು ಒಬ್ಬರ ಪಕ್ಕ ಒಬ್ಬರು ನುಸುಳಿದರೆ ದ್ರವ. ಗಂಟೆ ಹೊಡೆದ ಮೇಲೆ ಚೆಲ್ಲಾಪಿಲ್ಲಿ ಓಡಿದರೆ ಅನಿಲ. ದೇಚಮ್ಮನ ಕಣಗಳೂ ಅಂಥ ಹುಡುಗಿಯರೇ. ಕಂಪನ ಬಂದ ಕೂಡಲೇ ಕೈಕೈ ಹಿಡಿಯುತ್ತವೆ, ನಿಂತ ಕೂಡಲೇ ಬಿಡುತ್ತವೆ. ಅಷ್ಟರಲ್ಲಿ ನನ್ನ ಸೋಮಾರಿ ಮುಚ್ಚಳ ಮುಚ್ಚಿಕೊಂಡಿರುತ್ತದೆ.

ಎಕ್ಸ್‌ರೇ ಪರದೆಯ ಮುಂದೆ ಕೂರಿಸಿ, ಸ್ಟೀಲ್ ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟರು. ನಮ್ಮವರು ಗಾಜಿನ ಗೋಡೆಯ ಆಚೆ ನಿಂತು ತಾವೇ ಉಸಿರು ಬಿಗಿಹಿಡಿದಿದ್ದರು. ನಾನು ಕುಡಿದೆ. ತಣ್ಣಗಿತ್ತು. ನಾಲಿಗೆಯ ಎರಡೂ ಬದಿ ಹರಿದು, ಹಲ್ಲಿನ ಸಂದಿಗೆಲ್ಲ ನುಗ್ಗಿ, ಹಿಂದಕ್ಕೆ ಹೋಯಿತು. ಗಂಟಲಲ್ಲಿ ಏನೋ ಒಂದು ಮೆತ್ತಗೆ ಉರುಳಿದಂತಾಯಿತು. ಆಮೇಲೆ ಎದೆಯುದ್ದಕ್ಕೂ ತಂಪು ಇಳಿಯಿತು. ಕೆಮ್ಮು ಬರಲಿಲ್ಲ. ನೀರಿಗೆ ರುಚಿಯಿಲ್ಲ ಎಂದು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದಿದ್ದೆನಲ್ಲ, ಅದನ್ನೆಲ್ಲ ಅಳಿಸಿಬಿಡಬೇಕು ಅನ್ನಿಸಿತು. ನಾಚಿಕೆ ಬಿಟ್ಟು ಅತ್ತೆ.

ಹತ್ತು ಸಲ ಪ್ರಯೋಗಾಲಯದಲ್ಲಿ ಕುಡಿದೆ. ನೀರು, ಮಜ್ಜಿಗೆ, ಹಾಲು, ಚಹಾ ಎಲ್ಲವನ್ನೂ ಲೋಟದಲ್ಲಿ ಕೊಟ್ಟು ನೋಡಿದರು. ಒಂದು ಹನಿಯೂ ದಾರಿ ತಪ್ಪಲಿಲ್ಲ. ನನ್ನಂಥವರು ಒಟ್ಟು ಹನ್ನೆರಡು ಮಂದಿ. ಎಲ್ಲರಿಗೂ ಹದಿನೈದು ದಿನಕ್ಕೆ ಪಟ್ಟಿಯನ್ನು ಮನೆಗೆ ಕೊಟ್ಟು ಕಳಿಸಿದರು. ಜೊತೆಗೊಂದು ನಿಯಮ: ಯಾರಿಗಾದರೂ ಮನೆಯಲ್ಲಿ ದ್ರವ ಶ್ವಾಸಕೋಶಕ್ಕೆ ಇಳಿದರೆ ಅವರು ಪ್ರಯೋಗದಿಂದ ಹೊರಗೆ. ನಾಲ್ಕು ಮಂದಿಗೆ ಹಾಗಾದರೆ ಇಡೀ ಪ್ರಯೋಗ ಬಂದ್.

ಮನೆಗೆ ಬಂದ ಮರುದಿನ ನಾಲ್ಕೂವರೆಗೆ ನಮ್ಮವರು ಶುಂಠಿ ಜಜ್ಜುವ ಸಪ್ಪಳ ಕೇಳಿತು. ನಾನೇನೂ ಹೇಳಿರಲಿಲ್ಲ. ಒಂದು ಕಪ್ಪು ಚಹಾ ಮಾಡಿ, ಕಣದ ಪೊಟ್ಟಣ ಒಡೆದು ಕಲಸಿ, ಅರ್ಧವನ್ನು ಬಶಿಗೆ ಸುರಿದು ನನ್ನ ಮುಂದೆ ಇಟ್ಟರು.

"ಆಸಿಡಿಟಿ ಹೋತೇನ್ರೀ?" ಎಂದೆ.

"ಸುಮ್ಮನ ಕುಡಿ" ಎಂದರು.

ಬಶಿಯನ್ನು ಎರಡೂ ಕೈಯಲ್ಲಿ ಎತ್ತಿ, ತುಟಿ ಚೂಪು ಮಾಡಿ, ಸುರ್ರೆಂದು ಎಳೆದೆ. ಶುಂಠಿಯ ಘಮ ಮೂಗಿಗೆ ಹತ್ತಿದ್ದಷ್ಟು ನೆನಪು. ಮುಂದಿನದೆಲ್ಲ ಕೆಮ್ಮು. ಕೆಮ್ಮಿ ಕೆಮ್ಮಿ ಉಸಿರು ಸಿಗದೆ ನೆಲಕ್ಕೆ ಕೈಯೂರಿದೆ. ಮುಖ ನೀಲಿಯಾಗಿತ್ತಂತೆ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಐದು ದಿನ ಜ್ವರ.

ಆ ಐದು ದಿನವೂ ನಮ್ಮವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಮೂರನೆಯ ದಿನ ಬಾಯಿಬಿಟ್ಟರು.

"ಪುಡಿ ನಾ ಸರಿ ಕಲಸಲಿಲ್ಲ, ನೀಲಾ. ಗಡಿಬಿಡಿ ಮಾಡಿದೆ. ಎಂಜಿನ್ನಿಗೆ ಇಂಥಾ ನಟ್ಟು ಇಷ್ಟ ಸುತ್ತು ಅಂತ ಕಣ್ಣು ಮುಚ್ಚಿ ಹಾಕ್ತೀನಿ. ಒಂದು ಚಾ ಕಲಸಾಕ ಬರಲಿಲ್ಲ ನನಗ."

"ನಿಮ್ಮ ತಪ್ಪಲ್ರೀ" ಎಂದೆ. ಯಾಕಲ್ಲ ಎಂದು ಹೇಳಲು ನನ್ನ ಹತ್ತಿರ ಕಾರಣವಿರಲಿಲ್ಲ. ಕಾರಣವಿಲ್ಲದ ಸಮಾಧಾನ ಫಿಟ್ಟರನಿಗೆ ಹಿಡಿಸುವುದಿಲ್ಲ. ನಾನು ಮನೆಗೆ ಬರುವಷ್ಟರಲ್ಲಿ ಚಹಾಪುಡಿಯ ಡಬ್ಬಿಯನ್ನು ತೆಗೆದು ಅಟ್ಟದ ಮೇಲೆ ಇಟ್ಟಿದ್ದರು.

ಪ್ರಯೋಗಾಲಯದಲ್ಲೂ ಸೂತಕದ ಕಳೆಯೇ. ನನ್ನ ಹಿಂದೆಯೇ ಇನ್ನೂ ಮೂವರು ಆಸ್ಪತ್ರೆ ಸೇರಿದ್ದರು. ಕುಂದಗೋಳದ ಒಬ್ಬರು, ನವಲಗುಂದದ ಒಬ್ಬರು, ಧಾರವಾಡದವರೇ ಇನ್ನೊಬ್ಬರು. ಎಲ್ಲರೂ ಉಳಿದುಕೊಂಡರು, ಆದರೆ ಲೆಕ್ಕ ನಾಲ್ಕಾಯಿತು. ಪಟ್ಟಿಯ ಜೊತೆ ತುಂಬಲು ಕೊಟ್ಟಿದ್ದ ದಿನಚರಿಯಲ್ಲಿ ನಾಲ್ವರೂ ಬರೆದದ್ದು ಒಂದೇ: ಪಾನೀಯ, ಚಹಾ. ಪ್ರಮಾಣ, ಅರ್ಧ ಕಪ್ಪು. ಬಿಸಿ, ಸಾಧಾರಣ. ದೇಚಮ್ಮ ಹಾಲಿನ ಕೊಬ್ಬು ಕಾರಣವೇ ಎಂದು ನೋಡಿದಳು, ಸಕ್ಕರೆಯೇ ಎಂದು ನೋಡಿದಳು, ಶುಂಠಿ ಏಲಕ್ಕಿ ಎಲ್ಲ ಹಾಕಿ ಏಳು ಬಗೆಯ ಚಹಾ ಕುದಿಸಿ ಯಂತ್ರದ ಕೃತಕ ಗಂಟಲಿನಲ್ಲಿ ಹರಿಸಿದಳು. ಏಳೂ ಸುರಕ್ಷಿತವಾಗಿ ಇಳಿದವು. ಸೋಮವಾರ ಸಮಿತಿ ಸೇರಿ ಪ್ರಯೋಗ ಮುಚ್ಚುವುದೆಂದಾಯಿತು. ಅದಕ್ಕೂ ಮೊದಲು ಎಲ್ಲರ ಮನೆಯಿಂದ ಪಟ್ಟಿ ವಾಪಸು ತರಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ನಾನು ಪಟ್ಟಿಯನ್ನು ಒಂದು ಸ್ವಚ್ಛ ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದೆ. ಕೊಡಲು ಕೈ ಬರಲಿಲ್ಲ. ಇದು ಹೋದರೆ ಮತ್ತೆ ಚಮಚ, ಮತ್ತೆ ಆ ಅಂಟು, ಸಾಯುವವರೆಗೆ. ಅವಳೂ ಕೈಚಾಚಲಿಲ್ಲ.

ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವ ಪಾಪ ನಮ್ಮವರಿಂದ ಆಗುವುದಿಲ್ಲ. ಅಟ್ಟದಿಂದ ಡಬ್ಬಿ ಇಳಿಸಿದರು. ಕೇಂದ್ರದ ಜೀಪಿನ ಡ್ರೈವರ್ ಮೌಲಾಸಾಬ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ, ಅವನಿಗೂ ಕೊಟ್ಟರು. ದೇಚಮ್ಮ ಕಪ್ಪನ್ನು ತುಟಿಗೆ ಹಚ್ಚಿ ಸದ್ದಿಲ್ಲದೆ ಗುಟುಕರಿಸುತ್ತ, "ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಾನೇ ಇಲ್ಲ ಮೇಡಂ" ಎಂದಳು. ಅಷ್ಟರಲ್ಲಿ ಹೊರಗಿನಿಂದ ಸುರ್ರ್ ಎಂದು ಉದ್ದಕ್ಕೆ ಸದ್ದು ಬಂತು.

ಅವಳು ಕಪ್ಪು ಕೆಳಗಿಟ್ಟಳು. "ಅದೇನು ಶಬ್ದ?"

"ಮೌಲಾಸಾಬ ಚಾ ಕುಡಿಯಾಕತ್ತಾನ" ಎಂದೆ.

ಎದ್ದು ಬಾಗಿಲಿಗೆ ಹೋಗಿ ನೋಡಿದಳು. ಮೌಲಾಸಾಬ ಬಶಿಯನ್ನು ಬಾಯಿಯ ಮಟ್ಟಕ್ಕೆ ಹಿಡಿದು, ಕಣ್ಣು ಅರೆಮುಚ್ಚಿ, ಎರಡನೆಯ ಸುರ್ರು ಎಳೆಯುತ್ತಿದ್ದ. ಪಾಪ, ಡಾಕ್ಟರು ಹಾಗೆ ನಿಂತು ದಿಟ್ಟಿಸುವುದನ್ನು ಕಂಡು ಎದ್ದು ನಿಂತ. "ಏನಾತ್ರೀ ಮೇಡಂ? ಹೊರಡೂಣೇನ್ರೀ?"

ದೇಚಮ್ಮ ನನ್ನ ಕಡೆ ತಿರುಗಿದಳು. ಧ್ವನಿ ಸಣ್ಣಗಾಗಿತ್ತು. "ಮೇಡಂ, ಅವತ್ತು ನೀವೂ ಹೀಗೇ ಕುಡಿದ್ರಾ?"

"ಮತ್ತ ಹೆಂಗ ಕುಡೀತಾರ?"

"ಬರೀಲಿಲ್ಲ ನೀವು!"

"ನೀವು ಕೇಳಲಿಲ್ಲಲ್ಲ, ತಾಯಿ. ಏನು ಕುಡದ್ರಿ, ಎಷ್ಟು ಕುಡದ್ರಿ ಅಂತ ಕೇಳಿದ್ರಿ. ಚಾ ಅಂದ್ರ ಬಶಿಯೊಳಗ ಅಂತ ಬ್ಯಾರೆ ಬರೀಬೇಕೇನು?"

ಹೇಳುತ್ತಿದ್ದಂತೆಯೇ ನನ್ನ ತಲೆಯೊಳಗೆ ಏನೋ ಸರಿದು ಕುಳಿತಿತು. ಸುರ್ರೆಂದು ಎಳೆಯುವುದು ಎಂದರೇನು? ಚಹಾದ ಜೊತೆ ಗಾಳಿ ಎಳೆಯುವುದು. ಗಾಳಿ ಬೆರೆಯುವುದರಿಂದಲೇ ಅದು ಆರುತ್ತದೆ, ಅದರಿಂದಲೇ ಘಮ ಮೂಗಿಗೆ ಏರುತ್ತದೆ. ಬಾಯಿಗೆ ಬೀಳುವುದು ದ್ರವವಲ್ಲ, ಗುಳ್ಳೆ ತುಂಬಿದ ನೊರೆ. ನೀರನ್ನು ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದ ಪಟ್ಟಿಯ ಕಂಪನ ಅದರೊಳಗೆ ನೇರವಾಗಿ ಸಾಗುತ್ತದೆ. ಅನಿಲ ಕುಗ್ಗುತ್ತದೆ. ಒಂದೊಂದು ಗುಳ್ಳೆಯೂ ಹಿಗ್ಗಿ ಕುಗ್ಗಿ ಆ ಕಂಪನವನ್ನೆಲ್ಲ ತಾನೇ ನುಂಗಿಬಿಡುತ್ತದೆ. ಕಣಗಳಿಗೆ ಅಪ್ಪಣೆ ತಲುಪುವುದೇ ಇಲ್ಲ, ಅವು ಕೈಕೈ ಹಿಡಿಯುವುದೂ ಇಲ್ಲ. ಇದೆಲ್ಲ ಎಂಟನೇ ತರಗತಿಯ ಪಾಠ! ಸಾವಿರಾರು ಹುಡುಗಿಯರಿಗೆ ಅನಿಲದ ಗುಣ ಹೇಳಿದವಳಿಗೆ ತನ್ನ ಬಾಯೊಳಗಿನ ಗಾಳಿ ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ದೇಚಮ್ಮ ಅಲ್ಲಿಂದಲೇ ಉಳಿದ ಮೂವರಿಗೆ ಫೋನು ಮಾಡಿದಳು. ಕುಂದಗೋಳದವರು, "ಬಶಿಯೊಳಗಲ್ದ ಮತ್ತ ಹೆಂಗ್ರೀ?" ಎಂದರು. ನವಲಗುಂದದ ಅಜ್ಜಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರನೆಯವರು ಮಾತ್ರ, ಸಪ್ಪಳ ಮಾಡಿ ಕುಡಿದದ್ದು ತಪ್ಪಾಯಿತೇ ಎಂದು ಕ್ಷಮೆ ಕೇಳಿದರು. ಏನೂ ಆಗದ ಎಂಟು ಮಂದಿಯಲ್ಲಿ ಕೆಲವರಿಗೆ ಲೋಟದ ರೂಢಿ, ಕೆಲವರು ಚಹಾವನ್ನೇ ಮುಟ್ಟಿರಲಿಲ್ಲ.

ಮರುದಿನ ಶನಿವಾರ ನಮ್ಮಿಬ್ಬರನ್ನೂ ಪ್ರಯೋಗಾಲಯಕ್ಕೆ ಕರೆಸಿದಳು. ನನ್ನ ಮೇಲೆ ಪರೀಕ್ಷೆ ಮಾಡುವಂತಿರಲಿಲ್ಲ. ತನ್ನ ಕೊರಳಿಗೇ ಪಟ್ಟಿ ಕಟ್ಟಿಕೊಂಡಳು. ಅವಳ ಗಂಟಲು ಗಟ್ಟಿಮುಟ್ಟು, ನೊರೆ ಹೋದರೂ ಅಪಾಯವಿಲ್ಲ. ಆದರೆ ಅವಳಿಗೆ ಸುರ್ರನೆ ಎಳೆಯಲು ಬರುತ್ತಿರಲಿಲ್ಲ. ಹಾಗೆ ಕುಡಿದರೆ ಚಿಕ್ಕಂದಿನಲ್ಲಿ ಅಮ್ಮ ಬೈಯುತ್ತಿದ್ದರಂತೆ. ಕಲಿಸಲು ನಮ್ಮವರೇ ಮುಂದಾದರು.

"ತುಟಿ ಹಿಂಗ ಮಾಡ್ರಿ. ಸೀಟಿ ಹೊಡಿಯೂ ಹಂಗ. ಈಗ ಉಸಿರು ಒಳಗ ಎಳೀರಿ. ಅಂಜಬ್ಯಾಡ್ರಿ, ಬಿಳೇ ಕೋಟಿನ ಮ್ಯಾಲ ಬಿದ್ರ ನಾ ಒಗದು ಕೊಡ್ತೀನಿ."

ಮೊದಲ ಎರಡು ಬಶಿ ಕೋಟಿನ ಮೇಲೇ ಬಿದ್ದವು. ಮೂರನೆಯ ಸಲ ಸುರ್ರ್ ಎಂದಿತು. ಎಷ್ಟು ಜೋರೆಂದರೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಪರದೆಯ ಮೇಲೆ ಎಲ್ಲವೂ ಸ್ಪಷ್ಟ. ಕಪ್ಪಿನಲ್ಲಿ ಕುಡಿದ ಚಹಾ ಗಂಟಲಿನಲ್ಲಿ ಒಂದೇ ಉಂಡೆಯಾಗಿ ಉರುಳಿತ್ತು. ಬಶಿಯದು ಸಣ್ಣ ಸಣ್ಣ ಹನಿಯಾಗಿ ಚದುರಿ ಹರಿಯಿತು. ಪಟ್ಟಿ ಕಂಪಿಸುತ್ತಲೇ ಇತ್ತು, ಚಹಾ ಮಾತ್ರ ಕಿವುಡಾಗಿತ್ತು.

ದೇಚಮ್ಮ ಪರದೆಯನ್ನು ಅಲ್ಲೇ ನಿಲ್ಲಿಸಿ ನಮ್ಮವರನ್ನು ಹತ್ತಿರ ಕರೆದಳು. ಅವರ ಸಂಕಟವನ್ನು ನಾನು ಮೊದಲೇ ಅವಳಿಗೆ ಹೇಳಿದ್ದೆ. "ನೋಡಿ ಸರ್. ನೀವು ಪುಡಿಯನ್ನು ಎಷ್ಟು ಚೆನ್ನಾಗಿ ಕಲಸಿದ್ರೂ ಹೀಗೇ ಆಗ್ತಿತ್ತು. ತಪ್ಪು ನಿಮ್ಮ ಕೈಯದ್ದಲ್ಲ, ನನ್ನದು. ನೀವೆಲ್ಲ ಚಹಾ ಹೇಗೆ ಕುಡೀತೀರಿ ಅಂತ ಒಂದು ದಿನ ಬಂದು ನೋಡಬೇಕಿತ್ತು."

ಅವರು ಬಹಳ ಹೊತ್ತು ಆ ಹನಿಗಳನ್ನೇ ನೋಡಿದರು. ಒಂದು ಯಂತ್ರದ ದೋಷ ಎಲ್ಲಿದೆ ಎಂದು ಕಣ್ಣಾರೆ ಕಂಡ ಮೇಲಷ್ಟೇ ಅವರಿಗೆ ಸಮಾಧಾನ. ಆಮೇಲೆ ಗೋಡೆಯ ಕಡೆ ತಿರುಗಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮೂವತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಎದೆಯ ಮೇಲಿನ ಭಾರವೂ ಆಗಲೇ ಇಳಿಯಿತು.

ಸೋಮವಾರ ಸಮಿತಿ ಪ್ರಯೋಗವನ್ನು ಮುಚ್ಚಲಿಲ್ಲ. ಹೊರಗಾದ ನಾಲ್ವರನ್ನೂ ವಾಪಸು ಸೇರಿಸಿಕೊಂಡಿತು. ಷರತ್ತು ಒಂದೇ: ಕಪ್ಪು ಅಥವಾ ಲೋಟ ಮಾತ್ರ, ಸದ್ದು ಮಾಡಬಾರದು. ಬಶಿಗೂ ಒಗ್ಗುವ ಪಟ್ಟಿ ಮಾಡುತ್ತೇನೆ, ಎರಡು ವರ್ಷ ಬೇಕು ಎಂದು ದೇಚಮ್ಮ ಹೇಳಿದಳು. ಗುಳ್ಳೆಗಳ ಮೇಲೆ ಅವಳಿಗೆ ಹಟವೇ ಹುಟ್ಟಿಬಿಟ್ಟಿದೆ.

ಪಟ್ಟಿ ಮತ್ತೆ ನನ್ನ ಕೊರಳಿಗೆ ಬಂತು. ದಿನವಿಡೀ ನೀರು ಕುಡಿದೆ. ಅಡುಗೆಮನೆಗೆ ಹೋದಾಗೊಮ್ಮೆ, ಬಂದಾಗೊಮ್ಮೆ. ಆದರೆ ನಾಲ್ಕೂವರೆಗೆ ಮನೆಯಲ್ಲಿ ಶುಂಠಿ ಜಜ್ಜುವ ಸಪ್ಪಳ ಕೇಳಲಿಲ್ಲ. ಒಂದು ವಾರ ಕಾದೆ. ಎರಡನೆಯ ವಾರ ನೇರವಾಗಿ ಕೇಳಿದೆ.

"ನೀರು ಕುಡಿಯಾಕತ್ತೀಯಲ್ಲ, ಸಾಕಲ್ಲೇನು" ಎಂದರು, ಮುಖ ನೋಡದೆ. "ಚಾ ಇಲ್ದ ಯಾರೂ ಸತ್ತಿಲ್ಲ."

"ಡಾಕ್ಟರ ಟಿವಿಯೊಳಗ ನೋಡಿದ್ರಲ್ಲ, ನಿಮ್ಮ ಕೈಯ ತಪ್ಪಲ್ಲ ಅಂತ."

"ನೋಡೇನಿ. ತಲಿಗೆ ತಿಳದೈತಿ. ಕೈಗೆ ತಿಳೀವಲ್ದು, ನೀಲಾ. ನಿನ್ನ ಮುಖ ನೀಲಿ ಆಗಿದ್ದು ಕಣ್ಣಾಗ ಕುಂತೈತಿ."

ನಾನೇ ಎದ್ದೆ. ಒಂದು ಕಪ್ಪು ಚಹಾ ಮಾಡಿದೆ. ಅರ್ಧ ಬಶಿಗೆ ಸುರಿದೆ. ಕಪ್ಪಿನಲ್ಲಿ ಉಳಿದದ್ದಕ್ಕೆ ಕಣ ಬೆರೆಸಿ ನನ್ನ ಮುಂದೆ ಇಟ್ಟುಕೊಂಡು, ಬಶಿಯನ್ನು ಅವರ ಮುಂದೆ ಸರಿಸಿದೆ. ಅವರು ಗಾಬರಿಯಿಂದ ಬಶಿಯನ್ನು ನೋಡಿದರು, ನನ್ನನ್ನು ನೋಡಿದರು.

"ನೀವು ಕುಡದ್ರ ನಾ ಕುಡೀತೀನಿ. ಇಲ್ಲಂದ್ರ ಎರಡೂ ಮೋರಿಗೆ ಚೆಲ್ತೀನಿ" ಎಂದೆ.

ಹದಿನೈದು ತಿಂಗಳಿಂದ ಚಹಾ ಮುಟ್ಟದ ಮನುಷ್ಯ ಬಶಿ ಎತ್ತಿಕೊಂಡರು. ಊರವರಿಗೆಲ್ಲ ಬಶಿ ಕಲಿಸಬಲ್ಲವರು, ಮನೆಯಲ್ಲಿ ಅವರ ಪಾಲಿಗೆ ಅದು ಬಂದದ್ದು ಇದೇ ಮೊದಲು. ನಾನು ಕಪ್ಪನ್ನು ತುಟಿಗೆ ಹಚ್ಚಿ ಸದ್ದಿಲ್ಲದೆ ಒಂದು ಗುಟುಕು ತೆಗೆದುಕೊಂಡೆ. ಬಿಸಿ. ಶುಂಠಿ ಸ್ವಲ್ಪ ಹೆಚ್ಚಾಗಿತ್ತು. ಗಂಟಲಲ್ಲಿ ಮೆತ್ತಗೆ ಉರುಳಿ ಇಳಿಯಿತು. ಅವರು ಬಶಿ ತುಟಿಗಿಟ್ಟುಕೊಂಡೇ ನನ್ನ ಗಂಟಲನ್ನು ಎವೆಯಿಕ್ಕದೆ ನೋಡುತ್ತಿದ್ದರು. ನಾನು ಎರಡನೆಯ ಗುಟುಕು ನುಂಗಿದೆ. ಏನೂ ಆಗಲಿಲ್ಲ. ಮೂರನೆಯದನ್ನೂ ನುಂಗಿದೆ. ಅವರಿಗೆ ಧೈರ್ಯ ಬಂತೋ, ಸಂತೋಷವೇ ಹೆಚ್ಚಾಯಿತೋ, ಕಣ್ಣು ನನ್ನ ಮೇಲಿಟ್ಟುಕೊಂಡೇ ಬಶಿಯನ್ನು ಜೋರಾಗಿ ಸುರ್ರೆಂದು ಎಳೆದರು. ಎಳೆದವರಿಗೆ ನೆತ್ತಿಗೆ ಹತ್ತಿತು.

ಕೆಮ್ಮು ಅಂದರೆ ಕೆಮ್ಮು! ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. ನಾನು ಕಪ್ಪು ಬದಿಗಿಟ್ಟು ಎದ್ದು ಹೋಗಿ ಅವರ ನೆತ್ತಿ ತಟ್ಟಿದೆ, ಬೆನ್ನು ಸವರಿದೆ. ಇಷ್ಟು ದಿನ ಈ ಕೆಲಸ ಅವರದಾಗಿತ್ತು.

"ನಿಧಾನ್ರೀ, ನಿಧಾನ" ಎಂದೆ. "ಯಾರೋ ನಿಮ್ಮನ್ನ ನೆನಸಾಕತ್ತಾರ."

ಅವರು ಕೆಮ್ಮುತ್ತಲೇ, ಕಣ್ಣೀರು ಒರೆಸಿಕೊಳ್ಳುತ್ತಲೇ, ನನ್ನ ಕೈ ಹಿಡಿದುಕೊಂಡರು.

"ನನ್ನನ್ನ ಯಾರು ನೆನಸ್ತಾರ?" ಎಂದರು. "ನೀ ಇಲ್ಲೇ ಅದೀಯಲ್ಲ."